ಅವರವರ ಟೇಸ್ಟು ಎಂಬ ನುಣುಚಿಕೆ

ಗೆಳೆಯರ ನಡುವೆ ಸಿನಿಮಾದ ಮಾತು ಕಾವೇರಿದಾಗ ಯಾರಾದರೊಬ್ಬರು ಒಂದು ವಾಕ್ಯ ತೆಗೆಯುತ್ತಾರೆ: ‘ಬಿಡ್ರೋ, ಅವರವರ ಟೇಸ್ಟು ಅವರವರಿಗೆ.’ ಅಲ್ಲಿಗೆ ಮುಗಿಯಿತು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ, ಬೆಲ್ಲದ ಕಾಫಿ ಆರುವ ಮೊದಲೇ ಎಲ್ಲರೂ ಮತ್ತೆ ಒಂದು. ಕೇಳುವುದಕ್ಕೆ ಇದಕ್ಕಿಂತ ಸಭ್ಯವಾದ ಮಾತಿಲ್ಲ. ಎದುರಿನವರ ಇಷ್ಟವನ್ನು ಗೌರವಿಸಿದ ಹಾಗೂ ಆಯಿತು, ನಮ್ಮ ಉದಾರತೆ ತೋರಿಸಿದ ಹಾಗೂ ಆಯಿತು. ನಾನು ಹೇಳಹೊರಟಿರುವುದು ಇದರಲ್ಲಿ ಗೌರವವೂ ಇಲ್ಲ, ಉದಾರತೆಯೂ ಇಲ್ಲ ಎಂದು. ನಿನ್ನ ಮಾತನ್ನು ಇನ್ನು ಕೇಳಲಾರೆ ಎನ್ನುವುದನ್ನು ನಯವಾಗಿ ಹೇಳುವ ಬಗೆ ಇದು. ನನಗೆ ಇದು ಗೊತ್ತಾದದ್ದು ಬೇರೆಯವರು ಹೇಳಿದಾಗ ಅಲ್ಲ, ಕಳೆದ ಮಳೆಗಾಲದಲ್ಲಿ ನಾನೇ ಹೇಳಿದಾಗ.

ನಾವು ಐದು ಜನ ಮಡಿಕೇರಿಯಲ್ಲಿ ಪಿಯುಸಿ ಒಟ್ಟಿಗೆ ಓದಿದವರು. ಒಬ್ಬ ಮಾಂದಲಪಟ್ಟಿಗೆ ಪ್ರವಾಸಿಗರ ಜೀಪು ಓಡಿಸುತ್ತಾನೆ. ಒಬ್ಬಳು ನರ್ಸ್. ಒಬ್ಬ ಸಿದ್ದಾಪುರದ ಕಡೆಯ ತೋಟದ ಲೈನ್ ಮನೆಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿದ್ದು ಓದಿ, ಈಗ ಕಾಡಿನಲ್ಲಿ ದಿನಗೂಲಿ ವಾಚರ್. ಒಬ್ಬ ಬ್ಯಾಂಕಿನಲ್ಲಿದ್ದಾನೆ, ಅವನಿಗೆ ಯಾವ ಸಿನಿಮಾ ಆದರೂ ಸರಿ, ಜಗಳ ಮಾತ್ರ ಆಗಬಾರದು. ಐದನೆಯವನು ನಾನು, ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿರುವವನು. ನನ್ನ ಮನೆಮಾತು ಅರೆಭಾಷೆ, ಜೀಪಿನವನದು ಕೊಡವ ತಕ್ಕ್, ನರ್ಸ್ ಮನೆಯಲ್ಲಿ ಮಲಯಾಳ, ವಾಚರ್ ಮನೆಯಲ್ಲಿ ಪಣಿಯ ಯರವರ ಮಾತು. ಐವರಿಗೂ ಒಟ್ಟಾಗಿ ಇರುವುದು ಕನ್ನಡ ಮತ್ತು ಸಿನಿಮಾ. ರಾಜಕೀಯ ಮಾತಾಡಿದರೆ ಎದ್ದು ಹೋಗುವವರಿದ್ದಾರೆ, ಜಾತಿಯ ಮಾತನ್ನು ಯಾರೂ ತೆಗೆಯುವುದಿಲ್ಲ, ಜಮೀನಿನ ಮಾತಂತೂ ದೂರವೇ ಉಳಿಯಿತು. ಇವೆಲ್ಲ ನಮ್ಮಲ್ಲಿ ಬರುತ್ತಿದ್ದದ್ದು ಸಿನಿಮಾದ ವೇಷದಲ್ಲಿ ಮಾತ್ರ.

ಕಕ್ಕಡದ ಮಳೆ ಶುರುವಾದರೆ ಜೀಪಿನವನಿಗೆ ಕೆಲಸ ಕಡಿಮೆ. ಆಗ ಅವನ ಮನೆಯಲ್ಲಿ, ಕಾಫಿ ಮೂಟೆ ಇಡುವ ಕೋಣೆಯ ಪಕ್ಕದಲ್ಲಿ, ಕರೆಂಟು ಇದ್ದ ರಾತ್ರಿಗಳಲ್ಲಿ ನಾವು ಸೇರುತ್ತೇವೆ. ಅವನಿಗೆ ಪ್ರೇಮಕಥೆ ಬೇಕು, ಅದೂ ಮಳೆ ಇರುವಂಥದ್ದು. ನರ್ಸಿಗೆ ಹಾರರ್. ವಾಚರ್‌ಗೆ ತಮಿಳಿನ ಹೊಡೆದಾಟದ ಸಿನಿಮಾ. ನನ್ನದಕ್ಕೆ ಅವರಿಟ್ಟ ಹೆಸರು ‘ಪ್ರಶಸ್ತಿ ಸಿನಿಮಾ’. ಜೀಪಿನವನ ಅಪ್ಪ ನಿವೃತ್ತ ಹವಾಲ್ದಾರರು. ಅವರು ನಮ್ಮ ಜೊತೆ ಕೂರುವುದು ವರ್ಷಕ್ಕೊಮ್ಮೆ, 1990ರ ‘ಮುತ್ತಿನ ಹಾರ’ ಹಾಕಿದಾಗ. ‘ಮಡಿಕೇರಿ ಸಿಪಾಯಿ’ ಹಾಡು ಮುಗಿಯುವವರೆಗೆ ಇದ್ದು ಎದ್ದು ಹೋಗುತ್ತಾರೆ. ‘ಅಂಕಲ್, ಮುಂದಿನದು ನೋಡುವುದಿಲ್ಲವಾ?’ ಎಂದರೆ ‘ಮುಂದಿನದು ಗೊತ್ತುಂಟು’ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಆ ಹಾಡು ಮೆರವಣಿಗೆಯ ಹಾಡಾಗಿದೆ. ಯೋಧನೊಬ್ಬನ ಮನೆ ಏನೇನು ಕಳೆದುಕೊಳ್ಳುತ್ತದೆ ಎಂದು ಹೇಳುವ ಸಿನಿಮಾದ ಹಾಡು ಅದು ಎನ್ನುವುದನ್ನು ನೆನಪಿಟ್ಟುಕೊಂಡವರು ಕಡಿಮೆ. ಅಂಕಲ್ ಅಂಥವರಲ್ಲಿ ಒಬ್ಬರು. ಅರ್ಧಕ್ಕೆ ಎದ್ದು ಹೋಗುವುದೂ ಒಂದು ವಿಮರ್ಶೆಯೇ.

ಸಾಹಿತ್ಯ ಓದುವ ನಮ್ಮಂಥವರಿಗೆ ಇದು ಕಾಣುವುದಿಲ್ಲ. ನಮ್ಮ ವಿಭಾಗಗಳಲ್ಲಿ ಸಿನಿಮಾದ ಪ್ರಕಾರಗಳು ಜಾತಿಗಳ ಹಾಗೆ ಮೇಲೆ ಕೆಳಗೆ ಕೂತಿವೆ. ಮೇಲೆ ನಿಧಾನಗತಿಯ ಸಿನಿಮಾ. ಅದರ ಕೆಳಗೆ ‘ಸೆನ್ಸಿಬಲ್ ಕಮರ್ಷಿಯಲ್’. ಕೆಳಗಿನ ಮೆಟ್ಟಿಲಲ್ಲಿ ದೆವ್ವ, ಹೊಡೆದಾಟ, ಅಳು. ಮೇಲಿನವನ್ನು ನೋಡಿದವನಿಗೆ ಅಭಿರುಚಿ ಇದೆ, ಕೆಳಗಿನವನ್ನು ನೋಡಿದವನಿಗೆ ಟೈಂಪಾಸು. ಸಮಾಜಶಾಸ್ತ್ರದ ಪ್ರಬಂಧ ಬರೆಯುವುದಾದರೆ ಆ ಕೆಳಗಿನವು ನಮಗೆ ‘ಅಧ್ಯಯನದ ವಸ್ತು’. ಅಂದರೆ ಅವುಗಳ ಬಗ್ಗೆ ಮಾತಾಡುತ್ತೇವೆ, ಅವುಗಳನ್ನು ನೋಡುವವರ ಜೊತೆ ಮಾತಾಡುವುದಿಲ್ಲ. ನಾನು ನರ್ಸಿಗೆ ಎಷ್ಟೋ ಸಲ ಹೇಳಿದ್ದೆ, ‘ಆಸ್ಪತ್ರೆಯಲ್ಲಿ ದಿನಾ ಸಾವು ನೋಡ್ತೀಯ, ಮನೆಗೆ ಬಂದು ಅದೇ ನೋಡ್ತೀಯಲ್ಲ, ಎಂತ ರುಚಿ ಮಾರಾಯ್ತಿ ನಿಂದು?’ ಅವಳು ನಗುತ್ತಿದ್ದಳು.

ಒಂದು ರಾತ್ರಿ ನಗಲಿಲ್ಲ. ಅವಳ ತವರು ಮಕ್ಕಂದೂರು ಕಡೆ. 2018ರ ಆಗಸ್ಟಿನಲ್ಲಿ ಮನೆಯ ಹಿಂದಿನ ಬರೆ ಕುಸಿದು, ಹಿತ್ತಿಲು, ಕೊಟ್ಟಿಗೆ, ಅರ್ಧ ಮನೆ ಹೋಯಿತು. ‘ಹಾರರ್ ಸಿನಿಮಾದಲ್ಲಿ ಮೊದಲು ಎಂತ ಆಗ್ತದೆ?’ ಎಂದು ಕೇಳಿದಳು. ‘ಮನೆಯೊಳಗೆ ಒಂದು ಸದ್ದು. ಒಬ್ಬಳಿಗೆ ಮಾತ್ರ ಕೇಳ್ತದೆ. ಅವಳು ಹೇಳಿದರೆ ಯಾರೂ ನಂಬುವುದಿಲ್ಲ, ಮಲಗು ಅಂತಾರೆ. ನನ್ನ ಅಮ್ಮ ಮೂರು ದಿನದಿಂದ ಹೇಳ್ತಾ ಇದ್ದರು, ನೆಲದ ಅಡಿಯಲ್ಲಿ ನೀರು ಓಡುವ ಸದ್ದು ಅಂತ. ನಾವು ಮಲಗಿ ಅಂದಿದ್ದು.’ ಅವಳ ಪ್ರಕಾರ, ಮನೆ ಎನ್ನುವುದು ನಂಬಿಕೆಗೆ ಯೋಗ್ಯವಲ್ಲದ ಜಾಗ ಎಂದು ನೇರವಾಗಿ ಒಪ್ಪಿಕೊಳ್ಳುವ ಸಿನಿಮಾ ಹಾರರ್ ಒಂದೇ. ಉಳಿದವೆಲ್ಲ ಮನೆಯನ್ನು ಹಾಗೇ ನಿಂತಿರುವಂಥದ್ದು ಎಂದುಕೊಂಡು ಶುರುವಾಗುತ್ತವೆ. ಅಷ್ಟು ವರ್ಷ ಪಕ್ಕದಲ್ಲಿ ಕೂತು ನಾನು ಅವಳ ಆಯ್ಕೆಯನ್ನು ‘ಟೇಸ್ಟು’ ಎಂದು ಕರೆದಿದ್ದೆ.

ಅದಾದ ಮೇಲೆ ಅವಳಿಗೆಂದೇ ನಾನೊಂದು ಸಿನಿಮಾ ಹಾಕಿದೆ: ಇರಾನಿನ ಅಬ್ಬಾಸ್ ಕಿಯರೋಸ್ತಾಮಿಯ 1992ರ ‘ಅಂಡ್ ಲೈಫ್ ಗೋಸ್ ಆನ್’. 1990ರ ಭೂಕಂಪದ ನಂತರ ನಿರ್ದೇಶಕನೊಬ್ಬ, ತನ್ನ ಹಿಂದಿನ ಸಿನಿಮಾದಲ್ಲಿ ನಟಿಸಿದ್ದ ಹುಡುಗರು ಬದುಕಿದ್ದಾರೋ ಇಲ್ಲವೋ ಎಂದು ಹುಡುಕುತ್ತ ಮಗನ ಜೊತೆ ಕಾರಿನಲ್ಲಿ ಹೋಗುವ ಕಥೆ. ನನಗೆ ಅದು ಈ ವಿಷಯದ ಮೇಲಿನ ಕೊನೆಯ ಮಾತು. ಮುಗಿದ ಮೇಲೆ ಅವಳು, ‘ಒಳ್ಳೇದುಂಟು, ಆದರೆ ಅವನು ಎಲ್ಲ ಕಾರಿನ ಕಿಟಕಿಯಿಂದ ನೋಡ್ತಾನೆ. ನಮ್ಮಲ್ಲಿಗೂ ಹೀಗೇ ಬಂದಿದ್ದರು’ ಎಂದಳು. ನನಗೆ ಕೋಪ ಬಂತು. ಕಿಯರೋಸ್ತಾಮಿಗೆ ಆ ಕಿಟಕಿ ಎಂದರೆ ಏನು ಎಂದು ಅರ್ಧ ಗಂಟೆ ಪಾಠ ಮಾಡಿದೆ. ಅವಳು ಪಟ್ಟು ಬಿಡಲಿಲ್ಲ. ಆದರೆ ಒಂದು ದೃಶ್ಯವನ್ನು ಅವಳೇ ಮತ್ತೆ ಹಾಕಿಸಿದಳು: ಮನೆಯವರನ್ನು ಕಳೆದುಕೊಂಡವನೊಬ್ಬ ಡೇರೆಗಳ ನಡುವೆ ಫುಟ್‌ಬಾಲ್ ವರ್ಲ್ಡ್ ಕಪ್ ನೋಡಲು ಟಿವಿಯ ಆಂಟೆನಾ ನಿಲ್ಲಿಸುತ್ತಿರುತ್ತಾನೆ. ಪರಿಹಾರ ಕೇಂದ್ರದಲ್ಲಿ ಇದ್ದಾಗ ತಾವೂ ಮೊಬೈಲಿನಲ್ಲಿ ಕಾಮಿಡಿ ನೋಡಿ ನಕ್ಕಿದ್ದು, ಹಂಚಲು ಬಂದವರೊಬ್ಬರು ‘ಇವರಿಗೇನೂ ಆಗಿಲ್ಲ ಬಿಡಿ’ ಎಂದದ್ದು, ಎಲ್ಲ ಹೇಳಿದಳು. ಕಿಟಕಿಯ ಬಗ್ಗೆ ನಾನು ಈಗಲೂ ಅವಳ ಮಾತು ಒಪ್ಪುವುದಿಲ್ಲ. ಆದರೆ ನನ್ನ ಪ್ರಬಂಧದಲ್ಲಿ ಆ ಸಿನಿಮಾದ ಬಗ್ಗೆ ಬರೆದಿದ್ದ ಎರಡು ಪುಟ ಹರಿದು ಹಾಕಿ ಮತ್ತೆ ಬರೆದೆ. ಆ ರಾತ್ರಿ ಬ್ಯಾಂಕಿನವನು ಎರಡು ಸಲ ‘ಅವರವರ ಟೇಸ್ಟು’ ಎಂದು ಬಾಯಿ ಹಾಕಿದ್ದ. ಪುಣ್ಯಕ್ಕೆ ಯಾರೂ ಕಿವಿಗೊಡಲಿಲ್ಲ.

ಜೀಪಿನವನಿಗೂ ಅವಳಿಗೂ ನಡೆದ ಜಗಳ ಇದಕ್ಕಿಂತ ದೊಡ್ಡದು. ‘ಮುಂಗಾರು ಮಳೆ’ ಬಂದದ್ದು 2006ರ ಡಿಸೆಂಬರ್ ಕೊನೆಯಲ್ಲಿ. ಸಕಲೇಶಪುರದ ಸುತ್ತಲೂ ಚಿತ್ರೀಕರಣವಾಗಿದ್ದರೂ ಕಥೆ ಮಡಿಕೇರಿಯದು. ನಾಯಕಿಯ ಅಪ್ಪ ಕರ್ನಲ್ ಸುಬ್ಬಯ್ಯ ಆಗಿ ಅನಂತ್ ನಾಗ್. 2008ರಲ್ಲಿ ಅದೇ ಯೋಗರಾಜ ಭಟ್ಟರ ‘ಗಾಳಿಪಟ’ ಬಂತು. ಅದರ ಮುಗಿಲುಪೇಟೆ ಎಂದರೆ ನಮ್ಮ ಮಾಂದಲಪಟ್ಟಿ. ಈಗ ಬೆಂಗಳೂರಿನಿಂದ ಬರುವವರು ಆ ಬೆಟ್ಟವನ್ನು ಕೇಳುವುದೇ ಮುಗಿಲುಪೇಟೆ ಎಂದು. ‘ಆ ಸಿನಿಮಾದಿಂದ ನಮ್ಮ ಮನೆಯ ಒಲೆ ಉರಿದಿದೆ’ ಎನ್ನುತ್ತಾನೆ ಅವನು. ಸಾಲ ಮಾಡಿ ಜೀಪು ಕೊಂಡದ್ದು, ತಂಗಿಯ ಮದುವೆ, ಎಲ್ಲ ಆ ಮೋಡದಿಂದ. ‘ನನಗೆ ಮಳೆಯ ಹಾಡು ನೋಡಲಿಕ್ಕೆ ಆಗುವುದಿಲ್ಲ’ ಎನ್ನುತ್ತಾಳೆ ಅವಳು. ಅವನ ಜೀಪು ಹೋಗುವುದು ಅವಳು ಮನೆ ಕಳೆದುಕೊಂಡ ಆ ಕಡೆಗೇ. 2018ರ ನಂತರ ಪ್ರವಾಸಿಗರು ಬರುವುದು ನಿಂತಾಗ ಇವನ ಕಂತು ಕಟ್ಟಲಾಗಲಿಲ್ಲ. ಅವರು ಮತ್ತೆ ಬರಲು ಶುರುವಾದಾಗ ಕುಸಿದ ಬರೆಯ ಮುಂದೆ ಜೀಪು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ‘ನೀನು ನಿಲ್ಲಿಸಿದ್ಯಾ?’ ಎಂದು ಅವಳು ಕೇಳಿದಳು. ನಿಲ್ಲಿಸಿದ್ದ.

ಇದು ರುಚಿಯ ಪ್ರಶ್ನೆಯೇ? ಒಬ್ಬನಿಗೆ ಮಳೆಯ ಹಾಡು ಇಷ್ಟ, ಒಬ್ಬಳಿಗೆ ಇಷ್ಟವಿಲ್ಲ ಎಂದು ಮುಗಿಸಬಹುದಾದ ಮಾತೇ? ಒಂದು ಊರು ತನ್ನನ್ನು ಸಿನಿಮಾದಲ್ಲಿ ಕಂಡು, ಆ ಚಿತ್ರದಂತೆ ಬದುಕಲು ಹೊರಟು, ಆ ಚಿತ್ರದಲ್ಲಿ ಜಾಗವಿಲ್ಲದ ದುಃಖವನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿರುವ ಕಥೆ ಅದು. ರಾತ್ರಿ ಒಂದು ಗಂಟೆಯವರೆಗೆ ಅವರಿಬ್ಬರು ವಾದಿಸಿದರು. ಒಪ್ಪಂದವೇನೂ ಆಗಲಿಲ್ಲ. ಅವನು ಈಗ ಆ ತಿರುವಿನಲ್ಲಿ ನಿಲ್ಲಿಸುವುದಿಲ್ಲ ಎನ್ನುತ್ತಾನೆ. ನಿಲ್ಲಿಸದೆ ಇರುತ್ತಾನೋ ಇಲ್ಲವೋ, ನಾನಂತೂ ಹೋಗಿ ನೋಡಿಲ್ಲ. ‘ಮುಂಗಾರು ಮಳೆ’ ಈಗಲೂ ಅವನ ಅಚ್ಚುಮೆಚ್ಚಿನ ಸಿನಿಮಾ.

ಇನ್ನು ನನ್ನ ವಿಷಯ. ವಾಚರ್‌ಗೆ ಮಾರಿ ಸೆಲ್ವರಾಜರ ‘ಕರ್ಣನ್’ ಎಂದರೆ ಪ್ರಾಣ. 2021ರಲ್ಲಿ ಬಂದ, ಧನುಷ್ ಇರುವ ಸಿನಿಮಾ. ಅವನು ಅದನ್ನು ಎಷ್ಟು ಸಲ ಹಾಕಿಸಿದ್ದಾನೋ ಲೆಕ್ಕವಿಲ್ಲ. ಕತ್ತಿ, ಕುದುರೆ, ಪೊಲೀಸರಿಗೆ ಹೊಡೆತ. ನಾನು ಪ್ರತಿ ಸಲ ‘ಮಾಸ್’ ಎಂದು ಫೋನು ಹಿಡಿದು ಕೂರುತ್ತಿದ್ದೆ. ಆ ಸಿನಿಮಾದ ಜಗಳ ಶುರುವಾಗುವುದು ಬಸ್ಸಿನಿಂದ: ಆ ಊರಿನ ಜನಕ್ಕೆ ಬಸ್ ಸ್ಟಾಪ್ ಇಲ್ಲ, ಬಸ್ಸು ಅವರಿಗಾಗಿ ನಿಲ್ಲುವುದಿಲ್ಲ. ‘ನಾನು ಶಾಲೆಗೆ ನಡೆದದ್ದು ಎಷ್ಟು ದೂರ ಗೊತ್ತುಂಟಾ?’ ಎಂದು ಅವನು ಕೇಳಿದ್ದ. ಗೊತ್ತಿರಲಿಲ್ಲ. ಎರಡು ವರ್ಷ ಒಂದೇ ಬೆಂಚು.

ಕಳೆದ ಮಳೆಗಾಲದಲ್ಲಿ, ಜೀಪಿನವನ ಒತ್ತಾಯಕ್ಕೆ ಮತ್ತೆ ‘ಮುಂಗಾರು ಮಳೆ’ ನೋಡಿದೆವು. ಮುಗಿದ ಮೇಲೆ ನಾನು ಅದರ ಪರವಾಗಿಯೇ ಮಾತಾಡಿದೆ. ಈಚೆಗೆ ಜನಪ್ರಿಯ ಸಿನಿಮಾವನ್ನು ಮೆಚ್ಚುವುದೂ ವಿದ್ವತ್ತಿನ ಲಕ್ಷಣವಾಗಿದೆಯಲ್ಲ! ಆಗ ವಾಚರ್ ಮೆಲ್ಲಗೆ ಕೇಳಿದ: ‘ಇದರಲ್ಲಿ ಕಾಫಿ ಕೊಯ್ಯುವವರ ಒಂದು ಮುಖ ನೆನಪುಂಟಾ ನಿನಗೆ?’ ನಾನು ಯೋಚಿಸಿದೆ. ಮೊಲದ ಹೆಸರು ನೆನಪಿತ್ತು, ದೇವದಾಸ. ಅವನು ಕೇಳಿದ್ದು ನೆನಪಾಗಲಿಲ್ಲ. ‘ಅದು ಪ್ರೇಮಕಥೆ ಮಾರಾಯ, ಆ ಜಾನರ್‌ನಲ್ಲಿ ಅದನ್ನೆಲ್ಲ ಕೇಳಲಿಕ್ಕಾಗುತ್ತದಾ?’ ಎಂದೆ. ‘ನಿಮ್ಮ ಪ್ರಶಸ್ತಿ ಸಿನಿಮಾದಲ್ಲಿ ಉಂಟಾ ಹಾಗಾದರೆ?’ ಎಂದ. ಅವನು ‘ನಿನ್ನ’ ಎನ್ನಲಿಲ್ಲ, ‘ನಿಮ್ಮ’ ಎಂದ. ಅದು ನನಗೆ ಚುಚ್ಚಿತು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ಅವನ ದೊಡ್ಡಮ್ಮನ ಗುಡಿಸಲೂ ಅದರಲ್ಲಿತ್ತು. ಆಗ ನಾನು ಕಾಲೇಜಿನ ವಿಚಾರ ಸಂಕಿರಣದಲ್ಲಿ ‘ಅಂಚಿನ ದನಿಗಳು’ ಕುರಿತು ಪ್ರಬಂಧ ಮಂಡಿಸಿದ್ದೆ. ಇದು ಅವನಿಗೂ ಗೊತ್ತು, ನನಗೂ ಗೊತ್ತು. ಮಾತು ಆ ಕಡೆಗೇ ಹೊರಟಿತ್ತು. ನಾನು ಹೇಳಿದೆ: ‘ಬಿಡು, ಅವರವರ ಟೇಸ್ಟು.’

ಅವನು ಮತ್ತೆ ಬರಲಿಲ್ಲ. ಆ ವಾರ ಡ್ಯೂಟಿ ಎಂದ, ಮುಂದಿನ ವಾರ ಆನೆ ಎಂದ, ಆಮೇಲೆ ಫೋನು ಎತ್ತುವುದು ನಿಲ್ಲಿಸಿದ.

ನೋಡಿ, ಈ ವಾಕ್ಯ ಯಾವಾಗ ಬರುತ್ತದೆ ಎಂದು ಒಮ್ಮೆ ಗಮನಿಸಿ. ಇಬ್ಬರಿಗೂ ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದಾಗ ಯಾರೂ ಇದನ್ನು ಹೇಳುವುದಿಲ್ಲ. ಹೇಳುವವನು ಯಾವಾಗಲೂ ಆ ಕ್ಷಣದಲ್ಲಿ ಉತ್ತರ ಕೊಡಬೇಕಾದವನು. 2023ರ ‘ಅನಿಮಲ್’ ನೋಡಿದಾಗಲೂ ಇದೇ ಆಯಿತು. ಅದರ ನಾಯಕಿ ರಶ್ಮಿಕಾ ಮಂದಣ್ಣ ವಿರಾಜಪೇಟೆಯವರು. ಊರಿನವರಿಗೆಲ್ಲ ಅಭಿಮಾನ, ಅದರಲ್ಲಿ ತಪ್ಪೇನಿಲ್ಲ. ಆದರೆ ಪ್ರೀತಿಯನ್ನು ಸಾಬೀತು ಮಾಡಲು ನನ್ನ ಶೂ ನೆಕ್ಕು ಎಂದು ನಾಯಕ ಇನ್ನೊಬ್ಬ ಹೆಣ್ಣಿಗೆ ಹೇಳುವ ದೃಶ್ಯದ ಬಗ್ಗೆ ನರ್ಸ್ ಮಾತೆತ್ತಿದಾಗ, ಹೊಡೆತ ತಿಂದು ರಾತ್ರಿಪಾಳಿಯಲ್ಲಿ ಬರುವ ಹೆಂಗಸರು ‘ಜಾರಿ ಬಿದ್ದೆ’ ಎಂದು ಬರೆಸುವುದನ್ನು ಹೇಳಿದಾಗ, ಮೂವರು ಗಂಡಸರು ಒಟ್ಟಿಗೆ ಕೊಟ್ಟ ಉತ್ತರ: ಸಿನಿಮಾ ಸಿನಿಮಾದ ಹಾಗೆ ನೋಡು, ಇಷ್ಟವಾಗದಿದ್ದರೆ ಬಿಡು. ಆ ಮೂವರಲ್ಲಿ ವಾಚರ್ ಕೂಡ ಇದ್ದ. ‘ನಿನ್ನ ಕರ್ಣನ್‌ಗೆ ಬಸ್ಸು ನಿಲ್ಲದಿದ್ದರೆ ನಾನು ನಿನ್ನ ಜೊತೆ ಸಿಟ್ಟಾಗಬೇಕು, ಇದಕ್ಕೆ ನೀನು ಆಗುವುದಿಲ್ಲ’ ಎಂದು ಅವಳು ಅವನಿಗೇ ಹೇಳಿದಳು. ಅವನು ಸುಮ್ಮನಾದ.

ಎಲ್ಲ ಸಿನಿಮಾವೂ ಸಮಾನ, ಎಲ್ಲರ ಇಷ್ಟವೂ ಪವಿತ್ರ ಎಂದು ನಾನು ವಾದಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ‘ಅನಿಮಲ್’ ಕೆಟ್ಟ ಸಿನಿಮಾ ಎಂದೇ ನನ್ನ ತೀರ್ಮಾನ, ಯಾರ ಟೇಸ್ಟಿನ ನೆಪಕ್ಕೂ ಅದನ್ನು ಬದಲಿಸುವುದಿಲ್ಲ. ಕೆಟ್ಟದ್ದನ್ನು ಕೆಟ್ಟದ್ದು ಎನ್ನಬೇಕು, ಕಾರಣ ಕೊಡಬೇಕು, ಎದುರಿನವರು ಕಾರಣ ಕೊಟ್ಟರೆ ಕೇಳಬೇಕು. ನಮ್ಮ ಸಾಹಿತ್ಯವಲಯ ಮಾಡುವುದು ಇದರ ಉಲ್ಟಾ. ವೇದಿಕೆಯ ಮೇಲೆ ಕಠಿಣ ತೀರ್ಪು, ಗೆಳೆಯರ ನಡುವೆ ಸಿಹಿಮೌನ. ವೇದಿಕೆಯಲ್ಲಿ ನಮ್ಮ ತೀರ್ಪನ್ನು ಪ್ರಶ್ನಿಸುವವರು ಇರುವುದಿಲ್ಲ; ಗೆಳೆಯರ ನಡುವೆ ಇರುತ್ತಾರೆ.

ಜನಸಾಮಾನ್ಯರಿಗೆ ಅಷ್ಟೆಲ್ಲ ಮಾತು ಯಾಕೆ, ಅವರು ಮನರಂಜನೆಗೆ ನೋಡುತ್ತಾರೆ ಎನ್ನುವವರಿಗೆ ಕನ್ನಡದಲ್ಲೇ ಉತ್ತರವಿದೆ. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೊಮನ್’ನಂಥ ಸಿನಿಮಾಗಳನ್ನು ಅಡಿಕೆ ಸೀಮೆಯ ಹಳ್ಳಿಯವರ ಮುಂದಿಟ್ಟರು. ಸಿನಿಮಾ ತೋರಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು, ನೋಡಿದವರಿಗೆ ಅದರ ಬಗ್ಗೆ ಮಾತಾಡುವ ಶಕ್ತಿಯಿದೆ ಎಂದು ಅವರು ನಂಬಿದ್ದು. ಆದರೆ ಆ ಪರಂಪರೆಯನ್ನು ಬಾಯಿಪಾಠ ಹೇಳುವ ನಾವು ಒಂದನ್ನು ಮರೆತಿದ್ದೇವೆ: ತೋರಿಸುವವನು ಕೂಡ ನೋಡಲು ಕೂರಬೇಕು. ಹಳ್ಳಿಗೆ ಕುರೊಸಾವಾನನ್ನು ಒಯ್ದವರು ಧಾರಾಳ ಸಿಗುತ್ತಾರೆ. ಹಾಡಿಯಲ್ಲಿ ಮೊಬೈಲಿನಲ್ಲಿ ಏನು ನೋಡುತ್ತಿದ್ದಾರೆ ಎಂದು ಪಕ್ಕದಲ್ಲಿ ಕೂತು ನೋಡಿದವರು ಎಷ್ಟು ಜನ?

ಒಟ್ಟಿಗೆ ಕೂತು ನೋಡಿದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಎನ್ನುವ ಭ್ರಮೆಯೂ ನನಗಿಲ್ಲ. ವೈದೇಹಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ಬರುತ್ತದೆ, ಊರಿನ ಹೆಂಗಸರು ಬರುತ್ತಾರೆ. ಕೆಲವರು ಒಳಗೆ ಬಂದು ಕೂರುತ್ತಾರೆ. ಅವಳು ಮುಸ್ಲಿಮಳೆಂದು ಕೆಲವರು ಹೊರಗೇ ನಿಂತು ನೋಡುತ್ತಾರೆ. ಕೊನೆಗೆ ಅವಳು ಆ ಊರನ್ನೇ ಬಿಡಬೇಕಾಗುತ್ತದೆ. ಒಂದೇ ಪರದೆಯನ್ನು ನೋಡಿದ್ದು ಅವಳನ್ನು ಉಳಿಸಲಿಲ್ಲ. ನಮ್ಮ ಕೋಣೆಯಲ್ಲಿ ಯಾರೂ ಹೊರಗೆ ನಿಂತು ನೋಡುತ್ತಿರಲಿಲ್ಲ ಎಂದು ನಾನು ಅಂದುಕೊಂಡಿದ್ದೆ.

‘ಹೀಗೆಲ್ಲ ಕೆದಕಿದರೆ ಸ್ನೇಹ ಉಳಿಯುತ್ತದಾ?’ ಇದು ಬ್ಯಾಂಕಿನವನ ಪ್ರಶ್ನೆ. ಅದು ಅಲ್ಲಗಳೆಯುವ ಪ್ರಶ್ನೆಯಲ್ಲ. ಅವನ ಮನೆಯಲ್ಲಿ ಆಸ್ತಿಯ ಮಾತು ಬಂದು ಅಣ್ಣತಮ್ಮಂದಿರು ದೂರವಾದದ್ದನ್ನು ಕಂಡವನು ಅವನು. ಆದರೂ ನಮ್ಮ ಲೆಕ್ಕ ನೋಡಿ. ಕೂಗಾಡಿದ ಜೀಪಿನವನೂ ನರ್ಸೂ ಈಗಲೂ ಬರುತ್ತಾರೆ. ಬಾರದೆ ಹೋದವನು ಯಾರ ಮಾತನ್ನು ಶಾಂತವಾಗಿ, ನಗುನಗುತ್ತ ಮುಗಿಸಲಾಯಿತೋ ಅವನು.

ಈ ವಾಕ್ಯ ಈಗ ವ್ಯಾಪಾರವೂ ಆಗಿದೆ. ಓಟಿಟಿಯಲ್ಲಿ ನೀವು ಒಂದು ಹಾರರ್ ನೋಡಿದರೆ ಇನ್ನಷ್ಟು ಹಾರರ್ ಮುಂದಿಡುತ್ತದೆ, ಪ್ರೇಮಕಥೆ ನೋಡಿದವನಿಗೆ ಇನ್ನಷ್ಟು ಪ್ರೇಮಕಥೆ. ನನ್ನ ಫೋನಿನಲ್ಲಿ ‘ಕರ್ಣನ್’ ತಾನಾಗಿ ಒಮ್ಮೆಯೂ ಬಂದಿಲ್ಲ, ಅವನ ಫೋನಿನಲ್ಲಿ ಕಿಯರೋಸ್ತಾಮಿ ಬಂದಿರಲಾರ. ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿ ‘ನಿಮಗಾಗಿ’ ಎಂದು ಬರೆದಿದ್ದಾರೆ. ಮಳೆಗೆ ಸಿಕ್ಕಿಬಿದ್ದು ಒಂದೇ ಟಿವಿಯ ಮುಂದೆ ಐದು ಜನ ಕೂರುವುದು, ರಿಮೋಟಿಗೆ ಜಗಳವಾಡುವುದು, ತನಗೆ ಬೇಡದ್ದನ್ನು ಎರಡೂವರೆ ಗಂಟೆ ನೋಡುವುದು ಇನ್ನೆಷ್ಟು ವರ್ಷವೋ.

ಎರಡು ತಿಂಗಳ ಹಿಂದೆ ವಾಚರ್‌ನಿಂದ ಒಂದು ವಾಟ್ಸಾಪ್ ಬಂತು, ಮಾತಿಲ್ಲದೆ ಒಂದು ಟ್ರೇಲರ್ ಮಾತ್ರ. ಮನೋಜ್ ಕಾನ ನಿರ್ದೇಶಿಸಿದ ‘ಕೆಂಜಿರ’. ನಮ್ಮ ಪಕ್ಕದ ವಯನಾಡಿನದು, ಪಣಿಯ ಭಾಷೆಯಲ್ಲಿ ಮಾಡಿದ ಸಿನಿಮಾ. 67ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಪಣಿಯ ಭಾಷೆಯ ಅತ್ಯುತ್ತಮ ಚಿತ್ರ. ಇರಾನಿನ ಹಳ್ಳಿಯ ದಾರಿ ಗೊತ್ತಿದ್ದ ನನಗೆ ಕುಟ್ಟ ದಾಟಿದರೆ ಸಿಗುವ ಈ ಸಿನಿಮಾದ ಹೆಸರು ಗೊತ್ತಿರಲಿಲ್ಲ. ‘ಮಾಸ್’ ನೋಡುವವನಿಗೆ ಗೊತ್ತಿತ್ತು. ಫೋನು ಮಾಡಿದೆ, ಎತ್ತಿದ. ‘ನಮ್ಮ ಅಜ್ಜಿ ಮಾತಾಡಿದ ಹಾಗೇ ಉಂಟು’ ಎಂದ. ಆ ದಿನ ಹೇಳಿದ್ದಕ್ಕೆ ತಪ್ಪಾಯಿತು ಎಂದೆ. ಅವನು ಅದಕ್ಕೆ ಏನೂ ಹೇಳಲಿಲ್ಲ. ಪೂರ್ತಿ ಸಿನಿಮಾ ಎಲ್ಲಾದರೂ ಸಿಕ್ಕರೆ ಜೀಪಿನವನ ಮನೆಯಲ್ಲಿ ಹಾಕೋಣ, ಬರ್ತೀಯಾ ಎಂದು ಕೇಳಿದೆ. ಈಗ ಕಾಫಿ ಕೊಯ್ಲು, ಮನೆಯವರೆಲ್ಲ ತೋಟದಲ್ಲಿ, ಆಮೇಲೆ ನೋಡೋಣ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಹಾಕಿದರೆ, ಮುಗಿದ ಕೂಡಲೇ ನೀನು ಮಾತು ಶುರು ಮಾಡಬಾರದು. ಮೊದಲು ನಾನು’ ಎಂದ. ಆಯಿತು ಎಂದಿದ್ದೇನೆ. ಸಿನಿಮಾ ಹುಡುಕುತ್ತಿದ್ದೇನೆ.